ಆಕ್ಟೇವಿಯಾ ವಿಆರ್‌ಎಸ್‌ಗೆ ಯಾವ ಸಿಂಥೆಟಿಕ್ ಆಯಿಲ್: ಕಲಬುರಗಿ ಬಿಸಿಲಿನ್ಯಾಗ ಆರಿಸಿದ್ದು, ಹಾಕಿದ್ದು

ಗಾಡಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230, 2018ರದ್ದು. 2.0 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಇಂಜಿನ್, 230 ಪಿಎಸ್ ಪವರ್, 350 ನ್ಯೂಟನ್ ಮೀಟರ್ ಟಾರ್ಕ್, 6 ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಹೈದರಾಬಾದ್‌ನ್ಯಾಗ ಸೆಕೆಂಡ್ ಹ್ಯಾಂಡ್ ತಗೊಂಡು, ಎನ್‌ಓಸಿ ತರಿಸಿ, ಈಗ ಕೆಎ 32 ನಂಬರ್ ಬಿದ್ದದ. ಹಳೇ ಮಾಲೀಕರು ಸರ್ವಿಸ್ ಬಿಲ್ ಎಲ್ಲಾ ಜ್ವಾಪಾನ ಇಟ್ಟಿದ್ರು, ಆದ್ರ ಕೊನೇ ಬಿಲ್ಲಿನ್ಯಾಗ ಬರೇ ‘ಫುಲ್ಲಿ ಸಿಂಥೆಟಿಕ್ ಇಂಜಿನ್ ಆಯಿಲ್’ ಅಂತಷ್ಟೇ ಅದ, ಯಾವ ಕಂಪನಿ, ಯಾವ ಗ್ರೇಡ್, ಏನೂ ಇಲ್ಲ. ಒಳಗ ಏನದ ಅಂತ ಗೊತ್ತಿಲ್ಲದ ಎಣ್ಣಿ ಇಟ್ಕೊಂಡು ಇಂಥಾ ಇಂಜಿನ್ ಓಡಸ್ಲಾಕ ನನಗ ಮನಸ್ಸಿಲ್ಲ, ಅದಕ್ಕ ಪೂರಾ ತೆಗೆದು ಹೊಸಾದು ಹಾಕೋದಂತ ಮಾಡ್ದೆ. ಆಯಿಲ್ ಬದಲಾಯಿಸೋದು ತಾಸೆರಡು ತಾಸಿನ ಕೆಲಸ, ಯಾವ ಆಯಿಲ್ ಅಂತ ಆರಿಸೋದೇ ದೊಡ್ಡ ಕೆಲಸ, ಹಿಂಗಾಗಿ ಇಲ್ಲಿ ಜಾಸ್ತಿ ಬರೆಯೋದೂ ಅದರ ಬಗ್ಗೇನೇ.

ಮೊದಲು ಸೂಪರ್ ಮಾರ್ಕೆಟ್ ಕಡೆ ನಮ್ಮಪ್ಪನ ಕಾಲದಿಂದ ಎಣ್ಣಿ ತಗೊಳ್ಳೋ ಅಂಗಡಿಗೆ ಹೋದೆ. ಕಾಕಾ ಕೇಳಿದ ಕೂಡ್ಲೇ ಅಂದ್ರು, "ತಮ್ಮಾ, ನಮ್ಮ ಕಡೆ ಬಿಸಿಲು 44 ಮುಟ್ತದ, ತೆಳು ಎಣ್ಣಿ ನೀರಾಗಿ ಹೋಗ್ತದ, ಸುಮ್ನ 20ಡಬ್ಲ್ಯೂ-50 ಹಾಕು, ಸಪ್ಪಳಾನೂ ಕಡಿಮಿ ಆಗ್ತದ." ಹೈದರಾಬಾದ್ ಗೆಳೆಯ ಫೋನಿನ್ಯಾಗ ಬ್ಯಾರೇನೇ ಹೇಳ್ದ, ಮೋಟುಲ್ 300ವಿ ಹಾಕು, ರೇಸ್ ಆಯಿಲ್, ಅದರ ಮ್ಯಾಲ ಇನ್ನೊಂದಿಲ್ಲ ಅಂತ. ಮನ್ಯಾಗ ನಮ್ಮ ಅಳಿಯ ತನ್ನ ಹೊಸ ಗಾಡಿಗೆ 0ಡಬ್ಲ್ಯೂ-20 ಹಾಕಿಸ್ತಾನ, "ಮಾಮಾ, ಈಗೆಲ್ಲಾ ತೆಳುವೇ ನಡೀತದ, ಮೈಲೇಜೂ ಬರ್ತದ" ಅಂದ. ಮೂರು ಮಂದಿ, ಮೂರು ದಿಕ್ಕು. ಮೂವರ ಮಾತಿನ್ಯಾಗೂ ಅರ್ಥ ಅದ, ಆದ್ರ ಈ ಇಂಜಿನ್‌ಗೆ ಯಾವ್ದೂ ಬರೋಬರ್ ಕೂಡೋದಿಲ್ಲ. ಯಾಕ ಅಂತ ಒಂದೊಂದಾಗಿ ಹೇಳ್ತೀನಿ.

ಕಾಕಾನ ಮಾತು ಮೊದಲು, ಯಾಕಂದ್ರ ನಮ್ಮ ಕಡೆ ಹತ್ತು ಮಂದ್ಯಾಗ ಎಂಟು ಮಂದಿ ಇದನ್ನೇ ಹೇಳ್ತಾರ. ಅಂಬಾಸಡರ್, ಜೀಪು, ಹಳೇ ಟ್ರ್ಯಾಕ್ಟರ್ ಕಾಲಕ್ಕ ಅದು ಸರೀನೇ ಇತ್ತು, ಆ ಇಂಜಿನ್ನಿನ ಬೇರಿಂಗ್ ಸಂದು ದೊಡ್ಡವು, ಆಗಿನ ಮಿನರಲ್ ಎಣ್ಣಿ ಬಿಸಿ ಆದ್ರ ಬ್ಯಾಗ ಸಡಲ ಬೀಳ್ತಿತ್ತು, ದಪ್ಪಂದು ಹಾಕಿದ್ರ ಪ್ರೆಷರ್ ನಿಲ್ತಿತ್ತು. ಆದ್ರ ಹೊರಗಿನ 44 ಡಿಗ್ರಿ ಬಿಸಿಲಿಗೂ ಇಂಜಿನ್ ಒಳಗಿನ ಎಣ್ಣಿ ಬಿಸಿಗೂ ನಾವು ಅನ್ಕೊಂಡಷ್ಟು ನೇರ ಸಂಬಂಧ ಇಲ್ರಿ. ಕೂಲಂಟ್, ಥರ್ಮೋಸ್ಟಾಟ್, ಆಯಿಲ್ ಕೂಲರ್ ಎಲ್ಲಾ ಸೇರಿ ಎಣ್ಣಿನ ಸುಮಾರು 100 ಡಿಗ್ರಿ ಆಜೂಬಾಜೂ ಹಿಡಿದು ಇಡ್ತಾವ, ಚಳಿಗಾಲ ಇರ್ಲಿ ಬ್ಯಾಸಗಿ ಇರ್ಲಿ. ನನ್ನ ಗಾಡಿ ಮೀಟರ್‌ನ್ಯಾಗ ಆಯಿಲ್ ಟೆಂಪರೇಚರ್ ಬ್ಯಾರೆ ತೋರಸ್ತದ, ಜೇವರ್ಗಿ ರೋಡಿನ್ಯಾಗ ಮಧ್ಯಾಹ್ನ ಹೊರಗ 43 ಇದ್ದಾಗ ಒಂದೇ ಸಮ ಓಡಿಸ್ದಾಗ 104ರ ತನಕ ಹೋತು, ಡಿಸೆಂಬರ್ ಮುಂಜಾನೆ ಬೀದರ್ ಕಡೆ ಹೋಗೋವಾಗ 97, 98 ಮ್ಯಾಲ ನಿಂತಿತ್ತು. ಹೊರಗ 30 ಡಿಗ್ರಿ ಫರಕ್, ಒಳಗ ಆರೇಳು ಡಿಗ್ರಿ ಫರಕ್.

ಡಬ್ಬಿ ಮ್ಯಾಲಿನ ಎರಡನೇ ನಂಬರ್ ಅದ ನೋಡ್ರಿ, 40, 50 ಅಂತ, ಅದನ್ನ ಅಳೆಯೋದೇ 100 ಡಿಗ್ರಿಗೆ; ಡಬ್ಲ್ಯೂ ಜೋಡಿ ಇರೋ ಮೊದಲನೇ ನಂಬರ್ ಚಳಿಯೊಳಗಿನದು. ಎಸ್‌ಎಇ ಲೆಕ್ಕದಾಗ 40 ಗ್ರೇಡ್ ಅಂದ್ರ 100 ಡಿಗ್ರಿಗೆ 12.5ರಿಂದ 16.3 ಸೆಂಟಿಸ್ಟೋಕ್ (ಎಣ್ಣಿ ದಪ್ಪ ಅಳೆಯೋ ಮಾಪು) ಒಳಗ ಇರ್ಬೇಕು, 50 ಅಂದ್ರ 16.3ರಿಂದ 21.9. ಈಗ ಇನ್ನೊಂದು ಕಡೆಯಿಂದ ನೋಡ್ರಿ. ಅದೇ 5ಡಬ್ಲ್ಯೂ-40 ಎಣ್ಣಿ 40 ಡಿಗ್ರಿಗೆ ಸುಮಾರು 80, 90 ಸೆಂಟಿಸ್ಟೋಕ್ ಇರ್ತದ. ಅಂದ್ರ ಮೇ ತಿಂಗಳ ಮಧ್ಯಾಹ್ನ ಗಾಡಿ ಬಿಸಿಲಿಗೆ ನಿಂತು ಎಣ್ಣಿ 40 ಡಿಗ್ರಿ ಆಗಿದ್ರೂ ಸುದ್ದಾ, ಇಂಜಿನ್‌ಗೆ ಬೇಕಾದ್ದಕ್ಕಿಂತ ಅದು ಆರು ಪಟ್ಟು ದಪ್ಪ ಇರ್ತದ. ನಮ್ಮ ಬಿಸಿಲು ನಮಗ ಸುಡ್ತದ, ಇಂಜಿನ್ ಎಣ್ಣಿಗೆ ಅದು ಕೋಲ್ಡ್ ಸ್ಟಾರ್ಟೇ. 20ಡಬ್ಲ್ಯೂ-50 ಆದ್ರ ಅದೇ 40 ಡಿಗ್ರಿಗೆ 150 ಮ್ಯಾಲ ಹೋಗ್ತದ, ಜನವರಿ ನಸುಕಿನ್ಯಾಗ ಜೋನಿಬೆಲ್ಲ ಆದಂಗ ಆಗ್ತದ. ಟರ್ಬೊ ಶಾಫ್ಟ್ ನಿಮಿಷಕ್ಕ ಲಕ್ಷದ ಮ್ಯಾಲ ತಿರುಗೋ ಸಾಮಾನು, ಅದಕ್ಕ ಚಾಲೂ ಮಾಡಿದ ಕೂಡ್ಲೇ ಎಣ್ಣಿ ಮುಟ್ಬೇಕು.

ಇನ್ನೊಂದು ವಿಷಯ ಅಂಗಡ್ಯಾಗ ಯಾರೂ ಮಾತಾಡೋದಿಲ್ಲ. ಈ ಇಂಜಿನ್‌ದಾಗ ಎಣ್ಣಿ ಬರೇ ಜಾರಸ್ಲಾಕ ಇಲ್ಲ. ಟೈಮಿಂಗ್ ಚೈನ್ ಟೆನ್ಷನರ್ ಎಣ್ಣಿ ಪ್ರೆಷರ್ ಮ್ಯಾಲೇ ನಿಂತದ, ಕ್ಯಾಮ್ ಟೈಮಿಂಗ್ ಹಿಂದ ಮುಂದ ಮಾಡೋದೂ ಎಣ್ಣೀನೇ, ಪಿಸ್ಟನ್ ಕೆಳಗ ಎಣ್ಣಿ ಚಿಮ್ಮಿಸಿ ತಣ್ಣಗ ಮಾಡೋ ನಳಿಗಿ ಅವ, ಆಯಿಲ್ ಪಂಪೇ ಎರಡು ಹಂತದಾಗ ಪ್ರೆಷರ್ ಬದಲಾಯಿಸ್ತದ. ಇಷ್ಟೆಲ್ಲಾ ಒಂದು ದಪ್ಪದ ಎಣ್ಣಿ ಲೆಕ್ಕ ಹಿಡಿದು ಡಿಸೈನ್ ಮಾಡ್ಯಾರ, ನಾವು ಮನಸ್ಸಿಗೆ ಬಂದಂಗ ದಪ್ಪ ಮಾಡಿದ್ರ ಸಪ್ಪಳ ಕಡಿಮಿ ಆಗಬಹುದು, ಆದ್ರ ಒಳಗ ಕೆಲಸ ಬಿಗಡಾಯಿಸ್ತದ.

ಅಳಿಯನ 0ಡಬ್ಲ್ಯೂ-20 ಯಾಕ ಬ್ಯಾಡ ಅಂದ್ರ, ಅಲ್ಲಿ ಪ್ರಶ್ನೆ 100 ಡಿಗ್ರೀದಲ್ಲ, 150 ಡಿಗ್ರೀದು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದಿನ್ಯಾಗ ಎಣ್ಣಿ ಪದರ ಭಾಳ ಸಣ್ಣದು, ಅಲ್ಲಿ ಬಿಸಿ ಜಾಸ್ತಿ, ಒತ್ತಡಾನೂ ಜಾಸ್ತಿ. ಆ ಸ್ಥಿತಿಯೊಳಗ ಎಣ್ಣಿ ಎಷ್ಟು ತಡಕೊಂಡು ನಿಲ್ತದ ಅಂತ ಅಳೆಯೋದಕ್ಕ ಎಚ್‌ಟಿಎಚ್‌ಎಸ್ ಅಂತಾರ. 20 ಗ್ರೇಡಿಗೆ ಅದು ಕನಿಷ್ಠ 2.6 ಇದ್ರ ಸಾಕು, ನನ್ನ ಇಂಜಿನ್‌ಗೆ 3.5 ಬೇಕು. ಸ್ಕೋಡಾ ಸೇರಿರೋ ಫೋಕ್ಸ್‌ವ್ಯಾಗನ್ ಗುಂಪಿನ 0ಡಬ್ಲ್ಯೂ-20ಕ್ಕ 508 00 ಅಂತ ಬ್ಯಾರೇನೇ ಅಪ್ರೂವಲ್ ಅದ, ಗುರುತು ಸಿಗ್ಲಿ ಅಂತ ಆ ಎಣ್ಣಿಗೆ ಹಸಿರು ಬಣ್ಣಾನೇ ಹಾಕ್ತಾರ, ಅದು ಅದಕ್ಕಂತ ಮಾಡಿದ ಹೊಸ ಇಂಜಿನ್‌ಗಷ್ಟೇ, ಹಳೇವಕ್ಕ ಹಾಕಂಗಿಲ್ಲ. ಅಳಿಯನ ಗಾಡಿಗೆ ಅವನ ಎಣ್ಣಿ ಸರಿ, ನನ್ನ ಗಾಡಿಗೆ ಅಲ್ಲ.

5ಡಬ್ಲ್ಯೂ-30 ಬಗ್ಗೇನೂ ಒಂದು ಮಾತು. ಎರಡು ಡಬ್ಬಿ ಮ್ಯಾಲೂ 5ಡಬ್ಲ್ಯೂ-30 ಅಂತಾನೇ ಬರೆದಿರ್ತದ, ಒಂದು ಎಸಿಇಎ (ಯುರೋಪಿನ ಗಾಡಿ ಕಂಪನಿಗಳ ಸಂಘ) ಗ್ರೇಡಿನ್ಯಾಗ ಸಿ3 ಇರ್ತದ, ಅದರ ಎಚ್‌ಟಿಎಚ್‌ಎಸ್ 3.5 ಮ್ಯಾಲ, ಇನ್ನೊಂದು ಎ5/ಬಿ5 ಇರ್ತದ, ಅದು 3.5ರ ಒಳಗ. ಮುಂದಿನ ನಂಬರ್ ಒಂದೇ, ಒಳಗಿನ ಎಣ್ಣಿ ಬ್ಯಾರೆ ಬ್ಯಾರೆ. ಅದಕ್ಕೇ ಡಬ್ಬಿ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದ ತಿರುಗಿಸಿ ಸಣ್ಣ ಅಕ್ಷರ ಓದ್ರಿ ಅಂತ ನಾ ಎಲ್ಲರಿಗೂ ಹೇಳೋದು. ನನ್ನ ಗಾಡಿ ಮ್ಯಾನ್ಯುಯಲ್‌ನ್ಯಾಗ 502 00 ಅಂತ ಅದ. ಹಿಂದಿನ ಲೇಬಲ್ ಮ್ಯಾಲ ಫೋಕ್ಸ್‌ವ್ಯಾಗನ್ 502 00 ‘ಅಪ್ರೂವಲ್’ ಅಂತ ಇದ್ರ ಆ ಕಂಪನಿ ಟೆಸ್ಟ್ ಮಾಡಿಸಿ ಪಾಸ್ ಮಾಡಿಸ್ಕೊಂಡದ ಅಂತ ಅರ್ಥ. ‘ಮೀಟ್ಸ್ ರಿಕ್ವೈರ್‌ಮೆಂಟ್ಸ್’, ‘ರೆಕಮೆಂಡೆಡ್ ಫಾರ್’ ಅಂತಷ್ಟೇ ಇದ್ರ ಅದು ಎಣ್ಣಿ ಕಂಪನಿಯವರು ತಾವೇ ಹೇಳ್ಕೊಂಡ ಮಾತು. ಎಣ್ಣಿ ಕೆಟ್ಟದ್ದಂತ ಅಲ್ಲ, ಆದ್ರ ಇಷ್ಟು ರೊಕ್ಕದ ಇಂಜಿನ್‌ಗೆ ನಾ ಮೊದಲನೇದನ್ನೇ ನಂಬ್ತೀನಿ.

ಈಗ 300ವಿ. ಅದು ಖರೇನೂ ದೊಡ್ಡ ಎಣ್ಣಿ, ಎಸ್ಟರ್ ಬೇಸ್ (ಬೇಸ್ ಅಂದ್ರ ಮೂಲ ಎಣ್ಣಿ), 1971ರಿಂದ ರೇಸಿನ್ಯಾಗ ಹೆಸರು ಮಾಡಿದ್ದು. ಆದ್ರ ಅದು ರೇಸಿಗಂತ ಮಾಡಿದ್ದು, ಗಾಡಿ ಕಂಪನಿಗಳ ಅಪ್ರೂವಲ್ ಅದರ ಮ್ಯಾಲ ಇರೋದಿಲ್ಲ, ರೇಸ್ ಟೀಮಿನವರು ಅದನ್ನ ಪದೇ ಪದೇ ಬದಲಾಯಿಸ್ತಾರ. ನಾವು ಮಾರ್ಕೆಟ್‌ಗೆ, ಆಫೀಸಿಗೆ, ತಿಂಗಳಿಗೊಮ್ಮೆ ಹೈದರಾಬಾದ್‌ಗೆ ಓಡಿಸೋರು, ವರ್ಷ ತನಕ ಒಂದೇ ಎಣ್ಣಿ ಇಡೋರು. ನಮಗ ಬೇಕಾದ್ದು ಹೊಲಸು ಹಿಡಿದಿಡೋ, ಆಸಿಡ್ ತಡೆಯೋ ಡಿಟರ್ಜೆಂಟ್ ವರ್ಷ ಪೂರ್ತಿ ಬಾಳೋ ಎಣ್ಣಿ.

ಫುಲ್ಲಿ ಸಿಂಥೆಟಿಕ್ ಅನ್ನೋದರ ಬಗ್ಗೇನೂ ಜನ ಭಾಳ ಜಗಳಾಡ್ತಾರ, ಬೇಸ್ ಗ್ರೂಪ್ 4 ಪಿಎಓ (ರಾಸಾಯನಿಕವಾಗಿ ಕಟ್ಟಿದ ಎಣ್ಣಿ) ಇದ್ರಷ್ಟೇ ಖರೇ ಸಿಂಥೆಟಿಕ್, ಗ್ರೂಪ್ 3 ಅಂದ್ರ ಕಚ್ಚಾ ಎಣ್ಣಿನೇ ಚೊಲೋ ಸೋಸಿದ್ದು ಅಂತ. ಇದು ಹೊಸ ಜಗಳ ಅಲ್ಲ, ಅಮೆರಿಕಾದಾಗ ಮೊಬಿಲ್‌ದವರು ಕ್ಯಾಸ್ಟ್ರಾಲ್ ಮ್ಯಾಲ ದೂರು ಕೊಟ್ಟಿದ್ರು, 1999ರಾಗ ಅಲ್ಲಿನ ಜಾಹೀರಾತು ಮಂಡಳಿ ಗ್ರೂಪ್ 3ಕ್ಕೂ ಸಿಂಥೆಟಿಕ್ ಅನ್ಬಹುದು ಅಂತ ತೀರ್ಪು ಕೊಡ್ತು. ಜರ್ಮನಿಯೊಳಗ ಈಗ್ಲೂ ಆ ಹೆಸರಿಗೆ ಬಿಗಿ ಅದ. ನನ್ನ ಅಭಿಪ್ರಾಯ ಏನಂದ್ರ, ಬೇಸ್ ಯಾವ ಗ್ರೂಪಿಂದು ಅಂತ ಹುಡುಕೋದರಾಗ ತಲಿ ಕೆಡಿಸ್ಕೊಳ್ಳೋದು ಬ್ಯಾಡ, 502 00 ಟೆಸ್ಟ್ ಪಾಸ್ ಆಗ್ಬೇಕಂದ್ರ ಚೊಲೋ ಬೇಸ್ ಹಾಕ್ಲೇಬೇಕಾಗ್ತದ. ಆದ್ರ ‘ಸಿಂಥೆಟಿಕ್ ಟೆಕ್ನಾಲಜಿ’, ‘ಸಿಂಥೆಟಿಕ್ ಬ್ಲೆಂಡ್’ ಅಂತ ಬರೆದ ಡಬ್ಬಿ ಬಿಟ್ಬಿಡ್ರಿ, ಅದರಾಗ ಬಹಳ ಸಲ ಮಿನರಲ್ ಎಣ್ಣೀನೂ ಕೂಡಿರ್ತದ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇದ್ದೋರು ಇನ್ನೆರಡು ನೋಡ್ಕೋರಿ. ಒಂದು, ಎಪಿಐ (ಅಮೆರಿಕಾದ ಪೆಟ್ರೋಲಿಯಂ ಸಂಸ್ಥೆ) ಗ್ರೇಡ್ ಎಸ್‌ಪಿ. 2020ರಾಗ ಬಂದ ಗ್ರೇಡ್, ಕಡಿಮಿ ಆರ್‌ಪಿಎಂನ್ಯಾಗ ಜೋರಾಗಿ ಒತ್ತಿದಾಗ ಪೆಟ್ರೋಲ್ ತನ್ನ ಟೈಮಿಗಿಂತ ಮೊದಲೇ ಹತ್ತಿ ಪಿಸ್ಟನ್ ಒಡೆಯೋ ತೊಂದರೆ ಅದಲ್ಲ, ಎಲ್‌ಎಸ್‌ಪಿಐ ಅಂತಾರ, ಅದನ್ನ ತಡೆಯೋದಕ್ಕೂ, ಚೈನ್ ಸವೆಯೋದು ತಡೆಯೋದಕ್ಕೂ ಅದರಾಗ ಬ್ಯಾರೆ ಟೆಸ್ಟ್ ಅವ. ಎಣ್ಣಿಯೊಳಗಿನ ಕ್ಯಾಲ್ಸಿಯಂ ಜಾಸ್ತಿ ಆದ್ರ ಈ ತೊಂದರೆ ಹೆಚ್ಚು, ಅದಕ್ಕ ಈಗ ಒಂದಿಷ್ಟು ಮೆಗ್ನೀಸಿಯಂ ಕಡೆ ಹೋಗ್ಯಾರ. ಎರಡು, ನೋಯಾಕ್ ಅನ್ನೋ ನಂಬರ್, ಬಿಸಿಗೆ ಎಣ್ಣಿ ಎಷ್ಟು ಆವಿ ಆಗಿ ಹೋಗ್ತದ ಅಂತ. ಎಸಿಇಎ ಎ3/ಬಿ4 (502 00 ಎಣ್ಣಿ ಸಾಮಾನ್ಯವಾಗಿ ಈ ಗ್ರೇಡಿಂದೇ) ಒಳಗ 13 ಪರ್ಸೆಂಟ್ ದಾಟಂಗಿಲ್ಲ, ಇನ್ನೂ ಕಡಿಮಿ ಇದ್ರ ಇನ್ನೂ ಚೊಲೋ, ಯಾಕಂದ್ರ ಆ ಆವಿ ಬ್ರೀದರ್‌ನಿಂದ (ಇಂಜಿನ್ ಉಸಿರಾಡೋ ಪೈಪು) ಗಾಳಿ ಒಳಗ ಬರೋ ಇಂಟೇಕ್ ಕಡೆ ಹೋಗಿ ವಾಲ್ವ್ ಮ್ಯಾಲ ಕೂಡ್ತದ, ನಮ್ಮ ಇಂಜಿನ್‌ದಾಗ ಪೆಟ್ರೋಲ್ ನೇರ ಸಿಲಿಂಡರ್ ಒಳಗ ಬೀಳೋದರಿಂದ ವಾಲ್ವ್ ತೊಳೆಯೋರು ಯಾರೂ ಇಲ್ಲ, ಕಾರ್ಬನ್ ಗಟ್ಟಿ ಆಗ್ತದ.

ಫೋಕ್ಸ್‌ವ್ಯಾಗನ್‌ದೇ ಇನ್ನೊಂದು ಅಪ್ರೂವಲ್ 504 00 (ಸಿ3 ಥರದ್ದು) ಹಾಕ್ಬಾರ್ದಾ ಅಂತ ಕೇಳ್ತೀರಿ. ಅದು ಸುಟ್ಟಾಗ ಕಡಿಮಿ ಬೂದಿ ಉಳಿಸೋ ಲಾಂಗ್‌ಲೈಫ್ ಎಣ್ಣಿ, ಗಂಧಕ ಕಡಿಮಿ ಇರೋ ಪೆಟ್ರೋಲ್ ಲೆಕ್ಕ ಹಿಡಿದು ಮಾಡಿದ್ದು. ಬಿಎಸ್4 ಪೆಟ್ರೋಲ್‌ನ್ಯಾಗ ಗಂಧಕ 50 ಪಿಪಿಎಂ ತನಕ ಇತ್ತು, 2020 ಏಪ್ರಿಲ್‌ನಿಂದ ಬಿಎಸ್6 ಬಂದು 10ಕ್ಕ ಇಳೀತು, ಹಂಗಾಗಿ ಈಗ ಅದಕ್ಕೂ ಅಡ್ಡಿ ಕಡಿಮಿ. ಆದ್ರ ನನ್ನ ಗಾಡಿ ಬಿಎಸ್4, ಹೊಗಿಯೊಳಗಿನ ಮಸಿ ಹಿಡಿಯೋ ಪಾರ್ಟಿಕ್ಯುಲೇಟ್ ಫಿಲ್ಟರ್ ಇಲ್ಲ, ಬೂದಿ ಕಡಿಮಿ ಇರ್ಲೇಬೇಕು ಅನ್ನೋ ಗರಜೂ ಇಲ್ಲ. ಎ3/ಬಿ4 ಎಣ್ಣಿಗೆ ಆಸಿಡ್ ತಡೆಯೋ ಟಿಬಿಎನ್ ಕನಿಷ್ಠ 10 ಇರ್ತದ, ಸಿ3ಗೆ 6 ಇದ್ರೂ ನಡೀತದ. ಧೂಳು, ಸಣ್ಣ ಓಟ, ಇಥನಾಲ್ ಪೆಟ್ರೋಲ್ ಇರೋ ಊರಿನ್ಯಾಗ ನಾ ಆ ಹೆಚ್ಚಿನ ಟಿಬಿಎನ್ ಕಡೆಯವನು.

ಇಷ್ಟೆಲ್ಲಾ ಕೂಡಿಸಿ ನೋಡಿದ ಮ್ಯಾಲ ಪಟ್ಟಿ ಸಣ್ಣದಾತು: ಶೆಲ್ ಹೆಲಿಕ್ಸ್ ಅಲ್ಟ್ರಾ 5ಡಬ್ಲ್ಯೂ-40, ಮೊಬಿಲ್ 1 0ಡಬ್ಲ್ಯೂ-40, ಮೋಟುಲ್ 8100 ಎಕ್ಸ್-ಸೆಸ್ 5ಡಬ್ಲ್ಯೂ-40. ಮೂರರಾಗ ಯಾವ್ದು ಹಾಕಿದ್ರೂ ಇಂಜಿನ್‌ಗೆ ನಡೀತದ. ಮೊಬಿಲ್‌ದ 0ಡಬ್ಲ್ಯೂ ಅನ್ನೋದು ಮೈನಸ್ 35 ಡಿಗ್ರಿ ಚಳ್ಯಾಗ ಇಂಜಿನ್ ತಿರುಗಸ್ಲಾಕ ಬೇಕಾದ್ದು, ಬೀದರ್ ಚಳಿ ಎಷ್ಟೇ ಜೋರಂದ್ರೂ ನಮಗ 5ಡಬ್ಲ್ಯೂ ಬೇಕಾದಷ್ಟಾತು. ನಾ ಮೋಟುಲ್ 8100 ತಗೊಂಡೆ, 502 00 ಜೋಡಿ ಪೋರ್ಷೆ ಎ40 ಅಪ್ರೂವಲ್ಲೂ ಅದರ ಮ್ಯಾಲ ಅದ, ಮತ್ತ ಮುಖ್ಯ ಅಂದ್ರ ಕಂಪನಿ ಡೀಲರ್ ಕಡೆಯಿಂದ ಬಿಲ್ ಸಮೇತ ಸಿಕ್ತು.

ಬಿಲ್ ಮಾತು ಯಾಕಂದ್ರ ಡುಪ್ಲಿಕೇಟ್ ಎಣ್ಣಿ. ಎಷ್ಟು ಓದಿ ಆರಿಸಿದ್ರೂ ಡಬ್ಬ್ಯಾಗ ಬ್ಯಾರೇನೇ ಇದ್ರ ಏನು ಉಪಯೋಗ. ಮುಚ್ಚಳದ ಸೀಲ್, ಡಬ್ಬಿ ಮ್ಯಾಲಿನ ಬ್ಯಾಚ್ ನಂಬರ್, ತಯಾರಾದ ತಾರೀಖು ನೋಡ್ರಿ, ಫೋಟೊ ಹೊಡೆದು ಇಟ್ಕೋರಿ, ರೇಟ್ ಅರ್ಧಕ್ಕ ಸಿಗ್ತದ ಅಂದ್ರ ತಗೊಳ್ಳಬ್ಯಾಡ್ರಿ. ಖಾಲಿ ಡಬ್ಬಿ ರದ್ದಿಯವರಿಗೆ ಹಂಗೇ ಕೊಡಬ್ಯಾಡ್ರಿ, ಚಾಕುಲಿಂದ ಸೀಳಿ, ಲೇಬಲ್ ಹರಿದು ಕೊಡ್ರಿ, ಇಲ್ಲಂದ್ರ ಅದೇ ಡಬ್ಬಿ ತುಂಬಿ ಇನ್ನೊಬ್ಬರ ಗಾಡಿಗೆ ಹೋಗ್ತದ.

ಈಗ ಕೆಲಸ. ರಿಂಗ್ ರೋಡ್ ಕಡೆ ಉಸ್ತಾದ್ ಶೆಡ್ಡಿನ್ಯಾಗ ಮಾಡಿದ್ದು, ಕೈ ನಂದು, ಜ್ಯಾಕ್ ಸ್ಟ್ಯಾಂಡು ಮತ್ತ ಟಾರ್ಕ್ ರೆಂಚು ಉಸ್ತಾದಂದು. ಆಳಂದ ಚೆಕ್‌ಪೋಸ್ಟ್ ತನಕ ಒಂದು ಸುತ್ತು ಹೊಡೆದು ಎಣ್ಣಿ ಜರಾ ಬಿಸಿ ಮಾಡ್ಕೊಂಡು ಬಂದು, ಗಾಡಿ ಎತ್ತಿ ಸ್ಟ್ಯಾಂಡ್ ಮ್ಯಾಲ ಕೂಡ್ಸಿ, ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದ್ವಿ. ಎಲ್ಲಾ ಟಾರ್ಕ್ಸ್ ಸ್ಕ್ರೂ, ಸಾದಾ ಸ್ಕ್ರೂಡ್ರೈವರ್ ಹಾಕಿ ತಲಿ ಕೆಡಿಸಬ್ಯಾಡ್ರಿ. ಈ ಇಂಜಿನ್‌ದಾಗ ಆಯಿಲ್ ಫಿಲ್ಟರ್ ಮ್ಯಾಲ ಮುಂದ ಕೂತದ, ಪ್ಲಾಸ್ಟಿಕ್ ಹೌಸಿಂಗ್ ಒಳಗ ಕಾಗದದ ಎಲಿಮೆಂಟ್, 32 ಎಂಎಂ ಸಾಕೆಟ್ ಹತ್ತತದ. ಮೊದಲು ಅದನ್ನ ಎರಡು ಮೂರು ಸುತ್ತು ಸಡಲ ಮಾಡಿ ಬಿಡ್ರಿ, ಒಳಗಿನ ಎಣ್ಣಿ ತಾನೇ ಕೆಳಗ ಸಂಪಿಗೆ (ಇಂಜಿನ್ ತಳದ ಎಣ್ಣಿ ತೊಟ್ಟಿ) ಇಳೀತದ, ಆಮ್ಯಾಲ ಪೂರಾ ತೆಗೆದ್ರ ಇಂಜಿನ್ ಮ್ಯಾಲ ಒಂದು ಹನೀನೂ ಚೆಲ್ಲೋದಿಲ್ಲ. ಅವಸರ ಮಾಡಿದ್ರ ಬೆಲ್ಟ್ ಮ್ಯಾಲ ಹರೀತದ.

ಡ್ರೇನ್ ಬೋಲ್ಟ್ ಬಿಚ್ಚೋ ಮುಂಚೆ ಸಂಪು ಲೋಹದ್ದೋ ಪ್ಲಾಸ್ಟಿಕ್‌ದ್ದೋ ನೋಡ್ಕೋರಿ, ಇದೇ ಇಂಜಿನ್‌ಗೆ ಎರಡೂ ಬರ್ತಾವ, ಪ್ಲಾಸ್ಟಿಕ್ ಸಂಪಿನ ಪ್ಲಗ್ ಸ್ವಲ್ಪೇ ತಿರುಗಿಸಿದ್ರ ಬರೋದು, ಅದಕ್ಕ ಪಾನಾ ಹಾಕಿ ಜೋರು ಮಾಡಿದ್ರ ಒಡೀತದ. ನಂದು ಲೋಹದ್ದು. ಎಣ್ಣಿ ಕಪ್ಪಗ ಬಂತು, ಉಸ್ತಾದ್ ಅದನ್ನ ನೋಡಿ "ಭಾಯ್, ಇದು ಪೂರಾ ಹೋಗ್ಯಾದ" ಅಂದ್ರು. ಅದು ಹಂಗ ಹೇಳ್ಲಾಕ ಬರೋದಿಲ್ಲ, ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ದಾಗ ಮಸಿ ಬ್ಯಾಗ ಹುಟ್ತದ, ಎಣ್ಣಿ ಅದನ್ನ ಹಿಡಿದಿಟ್ಟದ ಅಂದ್ರ ತನ್ನ ಕೆಲಸ ಮಾಡ್ಯಾದ ಅಂತಾನೇ ಅರ್ಥ. ಬಣ್ಣಕ್ಕಿಂತ ಜಾಸ್ತಿ ನಾ ನಂಬೋದು ಫಿಲ್ಟರ್. ಹಳೇ ಎಲಿಮೆಂಟಿನ ಮಡಿಕೆ ಕತ್ತರಿಸಿ, ಹಿಂಡಿ, ಬಿಳೀ ಕಾಗದದ ಮ್ಯಾಲ ಹರವಿ ಟಾರ್ಚ್ ಹಾಕಿ ನೋಡಿದ್ವಿ, ಆಯಸ್ಕಾಂತಾನೂ ಆಡ್ಸಿದ್ವಿ. ಹೊಳೆಯೋ ಲೋಹದ ಚೂರು ಇಲ್ಲ, ಬರೇ ಸಣ್ಣ ಕಾರ್ಬನ್ ಕಣ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೋರಿಗೆ ಇದಕ್ಕಿಂತ ಸಮಾಧಾನದ ವಿಷಯ ಇನ್ನೊಂದಿಲ್ಲ. ಇಂಜಿನ್ ಒಳಗ ತೊಳೆಯೋ ಫ್ಲಶ್ ಹಾಕೋಣಾ ಅಂತ ಉಸ್ತಾದ್ ಕೇಳಿದ್ರು, ನಾ ಬ್ಯಾಡ ಅಂದೆ, ಎಲ್ಲಾ ಹೊಲಸು ಒಮ್ಮೆಲೇ ಬಿಚ್ಚಿಕೊಂಡು ಪಂಪಿನ ಜಾಳಗಿಗೆ ಕೂಡೋದಕ್ಕಿಂತ ಚೊಲೋ ಎಣ್ಣಿ ನಿಧಾನ ತೊಳೀಲಿ.

ಹೊಸ ಎಲಿಮೆಂಟ್, ಹೊಸ ಓ-ರಿಂಗಿಗೆ ಎಣ್ಣಿ ಸವರಿ ಕೂಡ್ಸಿ, ಕ್ಯಾಪ್ 25 ನ್ಯೂಟನ್ ಮೀಟರ್. ಡ್ರೇನ್ ಬೋಲ್ಟ್ ಹೊಸಾದೇ ಹಾಕೀನಿ, 30 ನ್ಯೂಟನ್ ಮೀಟರ್. ಈ ಇಂಜಿನ್ ಫಿಲ್ಟರ್ ಸಮೇತ 5.7 ಲೀಟರ್ ಕುಡೀತದ, ನಾ ಮೊದಲು 5.2 ಹಾಕಿ, ಚಾಲೂ ಮಾಡಿ, ಎಕ್ಸಲರೇಟರ್ ಮುಟ್ಟದೆ ಪ್ರೆಷರ್ ಲೈಟ್ ಹೋಗೋದು ನೋಡಿ, ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ನೋಡ್ಕೊಂತ ಉಳಿದದ್ದು ಹಾಕ್ದೆ. ಮಾರ್ಕ್ ಮ್ಯಾಲ ಹೋಗಂಗಿಲ್ಲ, ಜಾಸ್ತಿ ಆದ್ರ ಕ್ರ್ಯಾಂಕ್ ಹೊಡೆದು ನೊರೆ ಎಬ್ಬಿಸ್ತದ. ಹಳೇ ಎಣ್ಣಿ ಡಬ್ಬಿಗೆ ತುಂಬಿ ಉಸ್ತಾದ್ ಡ್ರಮ್ಮಿಗೆ ಹಾಕ್ದೆ, ಅಲ್ಲಿಂದ ರೀಸೈಕಲ್ ಮಾಡೋರು ಒಯ್ತಾರ. ಗಟಾರಕ್ಕ, ಹೊಲದ ಬದುವಿಗೆ ಸುರಿಯೋದು ಪಾಪದ ಕೆಲಸ, ಕಾನೂನಿನ್ಯಾಗೂ ಅದು ಅಪಾಯಕಾರಿ ತ್ಯಾಜ್ಯ.

ಓಡಿಸಿದ ಮ್ಯಾಲ ಏನು ಫರಕ್ ಅಂದ್ರ, ಮುಂಜಾನೆ ಸ್ಟಾರ್ಟ್ ಆದ ಮೊದಲ ಸೆಕೆಂಡಿನ ಚೈನ್ ಸಪ್ಪಳ ಮೊದಲಿಗಿಂತ ಕಡಿಮಿ ಅನ್ನಸ್ತದ. ಪವರ್ ಹೆಚ್ಚಾತು, ಮೈಲೇಜ್ ಹೆಚ್ಚಾತು ಅಂತ ನಾ ಹೇಳೋದಿಲ್ಲ, ಎಣ್ಣಿ ಆ ಕೆಲಸಕ್ಕಲ್ಲ. ಹುಮನಾಬಾದ್ ತನಕ ಹೋಗಿ ಬಂದು ನೋಡಿದ್ರ ಎಲ್ಲೂ ಲೀಕ್ ಇಲ್ಲ, ಲೆವೆಲ್ ಇದ್ದಲ್ಲೇ ಅದ.

ಸರ್ವಿಸ್ ಪುಸ್ತಕದಾಗ 15,000 ಕಿಲೋಮೀಟರ್ ಇಲ್ಲಾ ಒಂದು ವರ್ಷ ಅಂತ ಅದ. ನಾ 7,500ಕ್ಕೇ ಬದಲಾಯಿಸ್ತೀನಿ. ಕಾರಣ ಬಿಸಿಲಲ್ಲ, ಧೂಳು ಮತ್ತ ಸಣ್ಣ ಓಟ. ಸೇಡಂ, ಮಳಖೇಡ ರೋಡಿಗೆ ಹೋದೋರಿಗೆ ಗೊತ್ತದ, ಸಿಮೆಂಟ್ ಲಾರಿ ಹಿಂದ ಹತ್ತು ನಿಮಿಷ ಓಡಿಸಿದ್ರ ಗಾಜೆಲ್ಲಾ ಬೆಳ್ಳಗ ಆಗ್ತದ. ಆ ಧೂಳು ಏರ್ ಫಿಲ್ಟರ್ ದಾಟಿ ಎಣ್ಣಿಗೆ ಸೇರಿದ್ರ ಯಾವ ಸಿಂಥೆಟಿಕ್ಕೂ ಉಳಿಸೋದಿಲ್ಲ, ಸಿಲಿಂಡರ್ ಗೋಡಿ ಉಜ್ಜಿ ಹಾಕ್ತದ. ಅದಕ್ಕ ಏರ್ ಫಿಲ್ಟರ್ ಕಂಪನೀದೇ ಹಾಕ್ರಿ, ಬಾಕ್ಸಿನ ಅಂಚು ಬರೋಬರ್ ಕೂತದೋ ಇಲ್ಲೋ ಕೈ ಆಡ್ಸಿ ನೋಡ್ರಿ, ಪರ್ಫಾರ್ಮೆನ್ಸ್ ಅಂತ ಬಯಲು ಕೋನ್ ಫಿಲ್ಟರ್ ನಮ್ಮ ಕಡೆ ಬ್ಯಾಡವೇ ಬ್ಯಾಡ. ಸಣ್ಣ ಓಟದಾಗ ಇನ್ನೊಂದು ತೊಂದರೆ. ಕೂಲಂಟ್ ಮುಳ್ಳು 90ಕ್ಕ ಬ್ಯಾಗ ಬರ್ತದ, ಆದ್ರ ಆ ಹೊತ್ತಿಗೆ ಎಣ್ಣಿ ಇನ್ನೂ 60, 65ರಾಗೇ ಇರ್ತದ. ಜಗತ್ ಸರ್ಕಲ್ ತನಕ ಹೋಗಿ ಬಂದು ನಿಲ್ಲಿಸಿದ್ರ ಎಣ್ಣಿಯೊಳಗ ಸೇರಿದ ಪೆಟ್ರೋಲ್, ನೀರಿನ ಅಂಶ ಆರೋದೇ ಇಲ್ಲ, ಈಗಿನ 20 ಪರ್ಸೆಂಟ್ ಇಥನಾಲ್ ಪೆಟ್ರೋಲ್‌ಗೆ ಇದು ಇನ್ನೂ ಜಾಸ್ತಿ ನೋಡ್ಬೇಕಾದ ವಿಷಯ. ಡಿಪ್‌ಸ್ಟಿಕ್ ಮೂಸಿ ನೋಡ್ರಿ, ಪೆಟ್ರೋಲ್ ವಾಸನಿ ಜೋರದ, ಲೆವೆಲ್ ಹಾಕಿದ್ದಕ್ಕಿಂತ ಏರ್ಯಾದ ಅಂದ್ರ ಕಿಲೋಮೀಟರ್ ನೋಡ್ದೆ ಬದಲಾಯಿಸ್ರಿ. ನಾ ವಾರಕ್ಕೊಮ್ಮೆ ಬೇಕಂತಾನೇ ಜೇವರ್ಗಿ ಕಡೆ ಒಂದು ಉದ್ದ ಓಟ ಕೊಡ್ತೀನಿ, ಎಣ್ಣಿ 80 ದಾಟೋ ತನಕ ಟರ್ಬೊ ಮ್ಯಾಲ ಜೋರು ಹಾಕೋದಿಲ್ಲ, ಮನಿ ಹತ್ರ ಬಂದಾಗ ಕೊನೇ ಎರಡು ಕಿಲೋಮೀಟರ್ ಸಾವಕಾಶ ಬರ್ತೀನಿ.

ಡಿಎಸ್‌ಜಿ ಎಣ್ಣಿ ಬಗ್ಗೆ ಕೇಳೋರಿಗೆ, ಅದು ಪೂರಾ ಬ್ಯಾರೆ ಎಣ್ಣಿ, ಇಂಜಿನ್ ಎಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. ಈ 6 ಗೇರಿಂದು ಎಣ್ಣ್ಯಾಗ ಮುಳುಗಿರೋ ವೆಟ್ ಕ್ಲಚ್, 60,000 ಕಿಲೋಮೀಟರ್‌ಗೆ ಎಣ್ಣಿ, ಫಿಲ್ಟರ್ ಎರಡೂ ಬದಲಾಯಿಸ್ಬೇಕು, ಹಳೇ ಬಿಲ್ಲಿನ್ಯಾಗ ಅದರ ಸುಳಿವಿಲ್ಲ, ಹಂಗಾಗಿ ಮುಂದಿನ ಕೆಲಸ ಅದೇ. ಆ ಎಣ್ಣಿನ ಹಾಕೋದು ಇಂತಿಷ್ಟೇ ಟೆಂಪರೇಚರ್‌ನ್ಯಾಗ, ಸ್ಕ್ಯಾನರ್ ಹಚ್ಚಿ ಲೆವೆಲ್ ನೋಡ್ಬೇಕಾಗ್ತದ, ಉಸ್ತಾದ್ ಕಡೆ ಸ್ಕ್ಯಾನರ್ ಅದ, ಫಿಲ್ಟರ್ ಆರ್ಡರ್ ಹಾಕೀನಿ.